ಕಡಲ ದಂಡೆಯ ಮನೆ ಕೊಳ್ಳುವ ಮುಂಚೆ

ಅಡಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ಚನ್ನಗಿರಿ ಕಡೆಯವರು ನನ್ನ ದಾವಣಗೆರೆ ಕಚೇರಿಗೆ ಲೆಕ್ಕದ ಜೊತೆ ಒಂದು ಫೋಟೊ ಹಿಡಿದು ಬರುತ್ತಾರೆ. ಮುರ್ಡೇಶ್ವರದ ಹತ್ತಿರವೋ ಗೋಕರ್ಣದ ಹತ್ತಿರವೋ ಮೀನುಗಾರರ ಹೆಂಚಿನ ಮನೆ. "ಹೋಂಸ್ಟೇಗೆ ಪರ್ಮಿಷನ್ ಐತಂತ್ರೀ ಆಡಿಟರೇ, ಬ್ಯಾಂಕಿಗೊಂದು ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡ್ರಿ."

ಪರ್ಮಿಷನ್ ಇದೆ. ಯಾರಿಗೆ ಎಂಬುದನ್ನು ಮಾತ್ರ ಯಾರೂ ಕೇಳಿಸಿಕೊಳ್ಳುವುದಿಲ್ಲ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯ ಪ್ರಕಾರ ಹಳ್ಳಿಗಾಡಿನ ದಂಡೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ 50 ಮೀಟರ್, ಅಭಿವೃದ್ಧಿ ನಿಷಿದ್ಧ ವಲಯ, ಅಂದರೆ ಸಾಮಾನ್ಯವಾಗಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಇಂಥ ದಂಡೆಯಲ್ಲಿ ಹೋಂಸ್ಟೇಗೆ ಅವಕಾಶ ಇರುವುದು ಮೀನುಗಾರರೂ ಸೇರಿದಂತೆ ಅಲ್ಲಿಯ ಜನರಿಗೆ. ಅದೂ ಈಗಿರುವ ಮನೆಯಲ್ಲೇ, ಪಾಯದ ಅಳತೆ, ವಿನ್ಯಾಸ, ಮುಂಭಾಗ ಬದಲಿಸದೆ. ನೀವು ಆ ಮನೆ ಕೊಂಡಿರಿ, ಅವರು ಬಾಡಿಗೆ ಮನೆಗೆ ಹೋದರು ಅಂದುಕೊಳ್ಳಿ. ಗೋಡೆ ಅದೇ, ಹೆಂಚು ಅದೇ. ಅವಕಾಶ ಯಾರಿಗಿತ್ತೋ ಅವರೇ ಅಲ್ಲಿಲ್ಲ! ಮನೆಯ ಜೊತೆ ಅವಕಾಶವೂ ನಿಮ್ಮ ಹೆಸರಿಗೆ ಬರುತ್ತದೆಂದು ನಂಬಿ ಅಡ್ವಾನ್ಸ್ ಕೊಡಬೇಡಿ. ಒಂದೊಂದು ಸರ್ವೆ ನಂಬರಿನ ಸ್ಥಿತಿ ಒಂದೊಂದು ಥರ. ಕರಾವಳಿ ವಲಯ ನಕ್ಷೆ ನೋಡದೆ ನಾನೂ ಖಚಿತ ಹೇಳಲಾರೆ, ವಕೀಲರನ್ನು ಕೇಳಿ.

ರಿಪೋರ್ಟಿನಲ್ಲಿ ಹನ್ನೆರಡು ತಿಂಗಳೂ ಕೋಣೆ ತುಂಬಿದಂತೆ ಬರೆಯಿರಿ ಎನ್ನುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದೇ ಮಳೆಯಲ್ಲಿ ಪ್ರವಾಸಿಗರೂ ಇಲ್ಲ. ಸ್ವಂತ ಮನೆ ಉಳಿಸಿಕೊಂಡವರು ಆ ಎರಡು ತಿಂಗಳು ಹೇಗೋ ದೂಡುತ್ತಾರೆ. ಮನೆ ಮಾರಿ ಅದೇ ಮನೆಯ ಕೋಣೆ ಗುಡಿಸುವ ಕೆಲಸಕ್ಕೆ ಸೇರಿದವರಿಗೆ ಸಂಬಳವೂ ಇಲ್ಲ, ಸೂರೂ ಇಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡ ಮೇಲೆ ದಂಡೆಯನ್ನೇ ಪ್ರವಾಸಿಗರಿಗೆ ಮುಚ್ಚಿದ್ದರು. ಅಂಥ ದಿನಗಳು ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ.

ಹೊನ್ನಾವರದ ಕಾಸರಕೋಡು ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಸ್ವಚ್ಛ ದಂಡೆಯ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಸಂತೋಷ. ಆ ಕಡೆಯ ಹೆಂಗಸರು ಮರಳಲ್ಲಿ ಮೀನು ಒಣಗಿಸಿ ಮಾರುತ್ತಾರೆ. ಅದು ಅವರ ಕೈಗೇ ಬರುವ ದುಡ್ಡು. ಕೋಣೆ ಬಾಡಿಗೆ ಏರಿಸಬೇಕೆನ್ನುವವರು ಮೊದಲು ದೂರುವುದು ಆ ವಾಸನೆಯನ್ನೇ. ಒಣಮೀನಿಗೆ ಬೇಕಾದ ಬಯಲು ಹೋದರೆ ಅವರು ಎಲ್ಲಿ ಹೋಗಬೇಕು?

ಮಂಡಿಪೇಟೆಯ ವ್ಯಾಪಾರಿಯೊಬ್ಬರು ನನ್ನ ಮಾತು ಕೇಳಿ ಮನೆ ಕೊಳ್ಳುವುದು ಬಿಟ್ಟರು. ಆ ಮನೆಯ ಮೀನುಗಾರರಿಗೇ ಮಂಚ, ಹಾಸಿಗೆ, ಒಳಗಿನ ಶೌಚಾಲಯದ ರಿಪೇರಿಗೆ ಕೈಸಾಲ ಕೊಟ್ಟರು; ಹೋಂಸ್ಟೇ ಅವರ ಹೆಸರಲ್ಲೇ ಇದೆ. ಮಳೆಗಾಲದಲ್ಲಿ ಕಂತು ಕಟ್ಟಬೇಕಾಗಿಲ್ಲ ಎಂದು ಕರಾರಿನಲ್ಲಿ ಬರೆಸಲು ಹೇಳಿದೆ. ಒಪ್ಪಿದರು.