ಎರಡು ಬಣವೆ, ಒಂದೇ ಕಣ

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಯಜಮಾನರೊಬ್ಬರು ನಮ್ಮ ಬ್ರಾಡ್‌ಬ್ಯಾಂಡ್ ಕಚೇರಿಗೆ ಬಂದು ಮೊಬೈಲನ್ನು ಮೇಜಿನ ಮೇಲಿಟ್ಟರು. ಕವರಿನ ಸಂದಿಯಲ್ಲೆಲ್ಲ ಹೊಟ್ಟಿನ ಪುಡಿ. ಭಟ್ಟಿಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದಾರೆ. ಅಲ್ಲಿಯೇ ನಿಂತು ನೋಡಿದರೆ ಚಿತ್ರ ಬರುತ್ತದೆ, ಮನೆಗೆ ಹೋದರೆ ಬರುವುದಿಲ್ಲ. ಕ್ಯಾಮೆರಾ ಕೂರಿಸಿದ ಹುಡುಗ ‘ಇಂಟರ್ನೆಟ್‌ನವರು ಬಾಗಿಲು ಹಾಕಿದ್ದಾರೆ’ ಎಂದು ಹೇಳಿ ಕೈತೊಳೆದುಕೊಂಡಿದ್ದ.

“ತಿಂಗಳು ತಿಂಗಳು ದುಡ್ಡು ಕಟ್ಟುವವನು ನಾನು. ಬಾಗಿಲು ಹಾಕುವುದಕ್ಕೆ ನೀವು ಯಾರಪ್ಪಾ?” ಎಂದರು.

ಅವರ ರೌಟರಿನ ಪುಟ ತೆರೆದು ನೋಡಿದೆ. ಹೊರಗಿನ ವಿಳಾಸ ಎಂಬಲ್ಲಿ ಎರಡು ಸಾಲುಗಳಿದ್ದವು. ಒಂದು 100.72 ಎಂದು ಶುರುವಾಗುವ ಚಿಕ್ಕ ಸಂಖ್ಯೆ, ಇನ್ನೊಂದು ಅಂಕಿ, ಅಕ್ಷರ, ಕೋಲನ್ (:) ಚಿಹ್ನೆಗಳೆಲ್ಲ ಬೆರೆತ ಉದ್ದನೆಯ ಸಾಲು. ಹುಡುಗ ಹೇಳಿದ್ದು ಅರ್ಧ ನಿಜ. ಮೊದಲನೆಯ ಸಾಲಿಗೆ ಹೊರಗಿನಿಂದ ಬಾಗಿಲೇ ಇಲ್ಲ. ಎರಡನೆಯದಕ್ಕೆ ಇದೆ, ಆದರೆ ಅದನ್ನು ಯಾರೂ ತಟ್ಟಿರಲಿಲ್ಲ.

ಈ ಎರಡು ಸಾಲುಗಳು ಜೊತೆಯಾಗಿ ಇರುವುದಕ್ಕೆ ನಮ್ಮ ಕಸುಬಿನಲ್ಲಿ ಡ್ಯುಯಲ್ ಸ್ಟ್ಯಾಕ್ ಎನ್ನುತ್ತಾರೆ. ಸ್ಟ್ಯಾಕ್ ಎಂದರೆ ಬಣವೆ. ಒಂದೇ ಕಣದಲ್ಲಿ ಭತ್ತದ ಹುಲ್ಲಿನದೊಂದು, ಜೋಳದ ಸೊಪ್ಪೆಯದೊಂದು ಬಣವೆ ಒಟ್ಟಿದ ಹಾಗೆ, ಒಂದೇ ಫೈಬರ್ ತಂತಿಯ ಮೇಲೆ ಇಂಟರ್ನೆಟ್ ವಿಳಾಸದ ಎರಡು ಪದ್ಧತಿಗಳು, ಹಳೆಯ ಐಪಿವಿ4 (ಆ ಚಿಕ್ಕ ಸಂಖ್ಯೆ) ಮತ್ತು ಹೊಸ ಐಪಿವಿ6 (ಆ ಉದ್ದನೆಯ ಸಾಲು), ಪಕ್ಕಪಕ್ಕದಲ್ಲಿ ಓಡುತ್ತವೆ. ಎರಡಿದ್ದ ಮಾತ್ರಕ್ಕೆ ವೇಗ ದುಪ್ಪಟ್ಟಾಗುವುದಿಲ್ಲ, ಬಿಲ್ಲೂ ಎರಡಾಗುವುದಿಲ್ಲ. ಒಂದು ಇನ್ನೊಂದರೊಡನೆ ನೇರವಾಗಿ ಮಾತನಾಡಲಾರದು ಎಂಬುದೇ ಇಲ್ಲಿ ನೆನಪಿಡಬೇಕಾದ ಸಂಗತಿ. ಬರೀ ಐಪಿವಿ4 ಬಲ್ಲ ಯಂತ್ರಕ್ಕೆ ಬರೀ ಐಪಿವಿ6 ಬಲ್ಲ ಯಂತ್ರ ಕಾಣಬೇಕಾದರೆ ನಡುವೆ ದುಭಾಷಿ ಬೇಕು.

ಹಳೆಯದನ್ನು ಬಿಸಾಡಿ ಹೊಸದನ್ನೇ ಇಟ್ಟುಕೊಳ್ಳಬಾರದೇಕೆ ಎಂದು ಕೇಳುವವರಿದ್ದಾರೆ. ಐಪಿವಿ4 ವಿಳಾಸ 32 ಬಿಟ್‌ಗಳದು, ಒಟ್ಟು ಸುಮಾರು 429 ಕೋಟಿ. ಜಾಗತಿಕ ಉಗ್ರಾಣದಲ್ಲಿದ್ದ ಕೊನೆಯ ಕಂತು 2011ರ ಫೆಬ್ರವರಿಯಲ್ಲೇ ಹಂಚಿಹೋಯಿತು. ಐಪಿವಿ6 ವಿಳಾಸ 128 ಬಿಟ್‌ಗಳದು, ಮುಗಿಯುವ ಮಾತಿಲ್ಲ. ಆದರೆ ಇಂದಿಗೂ ಹಳೆಯ ವಿಳಾಸದಲ್ಲೇ ಕೂತಿರುವ ಜಾಲತಾಣಗಳು, ಹಾಜರಿ ಯಂತ್ರಗಳು, ಕ್ಯಾಮೆರಾದ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆಗಳು ಲೆಕ್ಕವಿಲ್ಲದಷ್ಟಿವೆ. ಆದ್ದರಿಂದ ಎರಡನ್ನೂ ಸಾಕಬೇಕು.

ಈಗ 100.72ರ ಕಥೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ನಮ್ಮಂಥ ಸೇವಾದಾರರ ಒಳಬಳಕೆಗೆಂದೇ ತೆಗೆದಿಟ್ಟಿದ್ದಾರೆ. ನಿಮ್ಮ ರೌಟರಿನಲ್ಲಿ ಇದು ಕಂಡರೆ ನೀವು ಸಿಜಿನ್ಯಾಟ್, ಅಂದರೆ ಹಲವು ಗ್ರಾಹಕರು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುವ ವ್ಯವಸ್ಥೆಯ ಹಿಂದೆ ಇದ್ದೀರಿ ಎಂದರ್ಥ. ಎಪಿಎಂಸಿ ಯಾರ್ಡಿನಲ್ಲಿ ನೂರು ಮಳಿಗೆಗಳಿಗೆ ಒಂದೇ ಹೆಬ್ಬಾಗಿಲು, ಹೊರಗಿನವರಿಗೆ ಗೊತ್ತಿರುವುದು ಹೆಬ್ಬಾಗಿಲಿನ ನಂಬರ್ ಮಾತ್ರ ಎಂದುಕೊಳ್ಳಿ. ಒಳಗಿನಿಂದ ಲಾರಿ ಹೊರಟರೆ ಕಾವಲುಗಾರ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಅದು ಮರಳಿದಾಗ ಯಾವ ಮಳಿಗೆಗೆ ಹೋಗಬೇಕೆಂದು ಅವನಿಗೆ ಗೊತ್ತು. ಹೊರಗಿನಿಂದ ಹೊಸ ಲಾರಿ ತಾನಾಗಿ ಬಂದರೆ ಪುಸ್ತಕದಲ್ಲಿ ದಾಖಲೆಯಿಲ್ಲ, ವಾಪಸ್ ಕಳಿಸುತ್ತಾನೆ. ಯಜಮಾನರ ಮೊಬೈಲು ಮನೆಯಿಂದ ಕ್ಯಾಮೆರಾವನ್ನು ಹುಡುಕುವುದು ಹೀಗೆ ತಾನಾಗಿ ಬಂದ ಲಾರಿ. ಹುಡುಗ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದದ್ದನ್ನು ಕ್ಯಾಮೆರಾದತ್ತ ಕಳಿಸುವ ಏರ್ಪಾಡು ಮಾಡಿದ್ದ, ಸರಿಯಾಗಿಯೇ ಮಾಡಿದ್ದ. ಆದರೆ ಅದು ಅವರ ಮಳಿಗೆಯ ಬಾಗಿಲನ್ನು ತೆರೆಯಿತೇ ಹೊರತು ಹೆಬ್ಬಾಗಿಲನ್ನಲ್ಲ.

ಐಪಿವಿ6 ಕಡೆ ಹೆಬ್ಬಾಗಿಲಿನ ತಾಪತ್ರಯವಿಲ್ಲ. ಅಲ್ಲಿ ರೌಟರಿಗೆ ಒಂದು ವಿಳಾಸ ಕೊಟ್ಟು ಸುಮ್ಮನಾಗುವುದಿಲ್ಲ, ಒಂದು ಇಡೀ ಬಡಾವಣೆಯನ್ನೇ ಬರೆದುಕೊಡುತ್ತೇವೆ. ಬಡಾವಣೆಯ ವಿಳಾಸಗಳಿಗೆಲ್ಲ ಸಮಾನವಾದ ಮುಂಭಾಗವೇ ಪ್ರಿಫಿಕ್ಸ್, ಅದನ್ನು ಬರೆದುಕೊಡುವುದಕ್ಕೆ ಪ್ರಿಫಿಕ್ಸ್ ಡೆಲಿಗೇಷನ್ ಎಂದು ಹೆಸರು. ಸ್ಲ್ಯಾಶ್ 56, ಅಂದರೆ ಮೊದಲ 56 ಬಿಟ್ ಗೊತ್ತುಮಾಡಿದ ಪ್ರಿಫಿಕ್ಸ್ ಕೊಟ್ಟರೆ ಅದರೊಳಗೆ 256 ಪ್ರತ್ಯೇಕ ಜಾಲಗಳನ್ನು ಮಾಡಿಕೊಳ್ಳಬಹುದು. ಮನೆಯವರಿಗೊಂದು, ಕ್ಯಾಮೆರಾಗಳಿಗೊಂದು, ಬಂದ ನೆಂಟರ ವೈಫೈಗೊಂದು. ಪ್ರತಿ ಉಪಕರಣಕ್ಕೂ ಜಗತ್ತಿಗೆ ಕಾಣುವ ಸ್ವಂತ ವಿಳಾಸ ಸಿಗುತ್ತದೆ. ಕಾಣುತ್ತದೆ ಎಂದರೆ ಯಾರು ಬೇಕಾದರೂ ನುಗ್ಗಬಹುದು ಎಂದಲ್ಲ. ಸಾಮಾನ್ಯವಾಗಿ ರೌಟರಿನ ಫೈರ್‌ವಾಲ್ ಹೊರಗಿನವರನ್ನು ತಡೆದಿರುತ್ತದೆ, ಬೇಕಾದ ಒಂದು ಕಿಂಡಿಯನ್ನು ನಾವೇ ತೆರೆಯಬೇಕು. ತೊಂದರೆ ಬರುವುದು ಕರೆಂಟ್ ಹೋಗಿ ಬಂದಾಗ. ರೌಟರಿಗೆ ಹೊಸ ಪ್ರಿಫಿಕ್ಸ್ ಸಿಕ್ಕಿಬಿಟ್ಟರೆ ಕ್ಯಾಮೆರಾದ ವಿಳಾಸವೂ ಬದಲಾಗುತ್ತದೆ. ಹಳೆಯದನ್ನೇ ಹಿಡಿದುಕೊಂಡ ಟಿವಿ ಸ್ವಲ್ಪ ಹೊತ್ತು ಸುಮ್ಮನೆ ಸುತ್ತುತ್ತಿರುತ್ತದೆ. ಸೇವಾದಾರರು ಪ್ರಿಫಿಕ್ಸ್ ಅನ್ನು ಸುಮ್ಮಸುಮ್ಮನೆ ಬದಲಿಸಬಾರದು ಎಂಬುದು ನನ್ನ ಹಟ. ಕಚೇರಿಯಲ್ಲಿ ಇದಕ್ಕಾಗಿ ಜಗಳವನ್ನೂ ಆಡಿದ್ದೇನೆ.

ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನಲ್ಲಿ ಐಪಿವಿ4ಗೆ ‘ಎ’ ದಾಖಲೆ, ಐಪಿವಿ6ಗೆ ನಾಲ್ಕು ‘ಎ’ಗಳ ದಾಖಲೆ. 32ರ ನಾಲ್ಕರಷ್ಟು 128 ತಾನೇ! ಎರಡೂ ಸಿಕ್ಕಾಗ ಬ್ರೌಸರ್ ಮೊದಲು ಐಪಿವಿ6 ಹಾದಿ ಹಿಡಿಯುತ್ತದೆ. ಸುಮಾರು ಕಾಲು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಐಪಿವಿ4 ಹಾದಿಯಲ್ಲೂ ಹೊರಡುತ್ತದೆ, ಮೊದಲು ಮುಟ್ಟಿದ್ದನ್ನು ಉಳಿಸಿಕೊಳ್ಳುತ್ತದೆ. ಈ ಉಪಾಯದ ಹೆಸರು ಹ್ಯಾಪಿ ಐಬಾಲ್ಸ್. ಗ್ರಾಹಕರಿಗೆ ಸುಖ, ನಮಗೆ ಪೀಕಲಾಟ. ಐಪಿವಿ6 ಕೆಟ್ಟು ವಾರವಾಗಿದ್ದರೂ ಯಾರೂ ಫೋನ್ ಮಾಡುವುದಿಲ್ಲ.

ಹ್ಯಾಪಿ ಐಬಾಲ್ಸ್‌ನಿಂದಲೂ ಮುಚ್ಚಿಡಲಾಗದ ದೋಷವೊಂದಿದೆ. ಪಿಪಿಪಿಒಇ ಎಂಬ ಬಗೆಯ ಲಾಗಿನ್ ಇರುವ ಸಂಪರ್ಕದಲ್ಲಿ ಒಂದು ಪ್ಯಾಕೆಟ್ಟಿನ, ಅಂದರೆ ಒಂದು ಸಲಕ್ಕೆ ಕಳಿಸುವ ಮಾಹಿತಿಯ ಕಟ್ಟಿನ, ಗಾತ್ರದ ಮಿತಿ, ಅಂದರೆ ಎಂಟಿಯು, ಸಾಮಾನ್ಯವಾಗಿ 1500ರ ಬದಲು 1492 ಬೈಟ್. ಐಪಿವಿ6ನಲ್ಲಿ ದಾರಿಯ ನಡುವಿನ ರೌಟರುಗಳು ದೊಡ್ಡ ಪ್ಯಾಕೆಟ್ಟನ್ನು ತುಂಡು ಮಾಡುವುದಿಲ್ಲ, ‘ದೊಡ್ಡದಾಯಿತು’ ಎಂದು ಕಳಿಸಿದವರಿಗೆ ಐಸಿಎಂಪಿ ಎಂಬ ಸೂಚನಾ ಸಂದೇಶ ಹಾಕುತ್ತವೆ. ಭದ್ರತೆಯ ಹೆಸರಿನಲ್ಲಿ ಆ ಸಂದೇಶವನ್ನೇ ತಡೆದಿಟ್ಟವರು ಎಷ್ಟೋ ಮಂದಿ. ಆಗ ಸಂಪರ್ಕವೇನೋ ಆಗುತ್ತದೆ, ಪುಟ ಮಾತ್ರ ಬಿಳಿಯಾಗಿ ನಿಂತುಬಿಡುತ್ತದೆ. ಐಪಿವಿ6 ಆಫ್ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಊರಲ್ಲೆಲ್ಲ ಹಬ್ಬಿರುವುದು ಹೀಗೆಯೇ.

ಡಿಎಸ್-ಲೈಟ್, 464ಎಕ್ಸ್‌ಲ್ಯಾಟ್ ಎಂಬ ಹೆಸರುಗಳೂ ಕಿವಿಗೆ ಬೀಳುತ್ತವೆ. ಸೇವಾದಾರರ ಜಾಲವನ್ನು ಐಪಿವಿ6ಗೇ ಬಿಟ್ಟು, ಐಪಿವಿ4 ಅನ್ನು ಅದರ ಮೇಲೆ ಸಾಗಿಸುವ ಬಗೆಗಳು ಇವು. ಮೊದಲನೆಯದು ಐಪಿವಿ4 ಪ್ಯಾಕೆಟ್ಟನ್ನು ಐಪಿವಿ6ರೊಳಗೆ ಪೊಟ್ಟಣ ಕಟ್ಟುತ್ತದೆ, ಎರಡನೆಯದು ಅನುವಾದಿಸುತ್ತದೆ.

ಯಜಮಾನರ ಡಿವಿಆರ್‌ಗೆ ಐಪಿವಿ6 ಗೊತ್ತೇ ಇರಲಿಲ್ಲ. ಎರಡು ದಾರಿ ಹೇಳಿದೆ: ತಿಂಗಳಿಗಿಷ್ಟು ಹೆಚ್ಚಿಗೆ ಕಟ್ಟಿ ಸ್ವಂತ ಸ್ಟ್ಯಾಟಿಕ್, ಅಂದರೆ ಬದಲಾಗದ, ಐಪಿವಿ4 ವಿಳಾಸ ಪಡೆಯುವುದು, ಇಲ್ಲವೇ ಐಪಿವಿ6 ಬಲ್ಲ ಹೊಸ ಪೆಟ್ಟಿಗೆ ತರುವುದು. ತಿಂಗಳ ಖರ್ಚೆಂದರೆ ಅವರಿಗಾಗದು. ಪೆಟ್ಟಿಗೆ ಬದಲಿಸಿದರು. ಪ್ರಿಫಿಕ್ಸ್ ಬದಲಾಗದಂತೆ ಅವರ ಖಾತೆಗೇ ಕಟ್ಟಿ, ಫೈರ್‌ವಾಲಿನಲ್ಲಿ ಒಂದು ಕಿಂಡಿ ತೆರೆದೆವು. ಈಗ ಮೊಬೈಲ್ ಡೇಟಾದಲ್ಲೂ ಮನೆಯ ವೈಫೈನಲ್ಲೂ ಭಟ್ಟಿ ಕಾಣುತ್ತದೆ. ಚಿತ್ರದುರ್ಗದಲ್ಲಿರುವ ಅಳಿಯನ ಮನೆಯ ವೈಫೈ ಹಿಡಿದಾಗ ಮಾತ್ರ ಕಾಣುವುದಿಲ್ಲ. ಅಲ್ಲಿನ ರೌಟರಿನಲ್ಲಿ ಯಾರೋ ಐಪಿವಿ6 ಆಫ್ ಮಾಡಿಟ್ಟಿದ್ದಾರೆ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ.