ಒದ್ದೆ ಹಾಸಿಗೆ, ಖಾಲಿಯಾಗದ ನೀರಿನ ಬಾಟಲಿ

ಡಿಸೆಂಬರ್ ಹತ್ತಿರ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಒಂದು ಬಗೆಯ ಮಕ್ಕಳು ಜಾಸ್ತಿ ಬರುತ್ತಾರೆ. ಶಾಲೆಯಲ್ಲಿ ಪ್ರವಾಸ ಗೊತ್ತಾಗಿರುತ್ತದೆ. ಹಂಪಿ, ಬಾದಾಮಿ, ಎರಡು ರಾತ್ರಿ ಛತ್ರದಲ್ಲಿ ಸಾಲಾಗಿ ಮಲಗಬೇಕು. ಮಗು "ನಾನು ಹೋಗಲ್ಲ" ಎನ್ನುತ್ತದೆ. ಯಾಕೆ ಅಂತ ಮನೆಯವರಿಗೆ ಗೊತ್ತು, ಹೊರಗೆ ಹೇಳುವಂತಿಲ್ಲ.

ಹೋದ ವರ್ಷ ಹಾಗೆ ಬಂದವನು ಒಂಬತ್ತು ವರ್ಷದ ಹುಡುಗ. ಶಾಲೆಯಿಂದ ಯೂನಿಫಾರ್ಮಿನಲ್ಲೇ ಕರೆತಂದಿದ್ದರು. ಅಮ್ಮ ಬಾಗಿಲು ಮುಚ್ಚಿದೆಯಾ ಅಂತ ತಿರುಗಿ ನೋಡಿ, "ಮೇಡಂ, ಇವನು ಇನ್ನೂ ರಾತ್ರಿ ಹಾಸಿಗೇಲೇ..." ಎಂದು ನಿಲ್ಲಿಸಿದರು. ಅಜ್ಜಿಗೆ ಆ ಸಂಕೋಚ ಇರಲಿಲ್ಲ. "ದಿನಾ ಉಚ್ಚೆ ಹೊಯ್ಕೋತಾನೆ ಡಾಕ್ಟ್ರಮ್ಮ. ಎಳ್ಳು ಬೆಲ್ಲ ತಿನ್ನಿಸಿದ್ದಾಯ್ತು, ದಾರ ಕಟ್ಟಿಸಿದ್ದಾಯ್ತು. ಇವರಪ್ಪನೂ ಹಿಂಗೇ ಇದ್ದ, ಐದನೇ ಕ್ಲಾಸ್ ತಂಕ." ಮೂಲೆಯಲ್ಲಿದ್ದ ಅಪ್ಪ ಮೊಬೈಲಿನೊಳಗೆ ಇನ್ನಷ್ಟು ತಲೆ ಹಾಕಿದರು. ಹುಡುಗ ಮಾತ್ರ ಆಗಲೇ ಮೊದಲ ಸಲ ತಲೆಯೆತ್ತಿ ಅಪ್ಪನ ಮುಖ ನೋಡಿದ.

ಅಜ್ಜಿ ಬಾಯಿಬಿಟ್ಟಿದ್ದು ಒಳ್ಳೆಯದೇ ಆಯಿತು. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಈ ತೊಂದರೆ ಇದ್ದಿದ್ದರೆ ಮಗುವಿಗೂ ಇರುವ ಸಾಧ್ಯತೆ 100ಕ್ಕೆ 40ರ ಮೇಲಿದೆ. ಇಬ್ಬರಿಗೂ ಇದ್ದಿದ್ದರೆ 75ರ ಆಸುಪಾಸು. ಸೋಮಾರಿತನ, ಹಟ ಅಂತ ನಾವು ಬೈಯುವುದರಲ್ಲಿ ಅರ್ಧ ಮನೆತನದ ಆಸ್ತಿ.

ಉಳಿದಿದ್ದು ದೇಹ ಬೆಳೆಯುವ ನಿಧಾನ. ರಾತ್ರಿ ಹೊತ್ತು ಮೂತ್ರ ಕಮ್ಮಿ ತಯಾರಾಗಲಿ ಅಂತ ಮೆದುಳು ಒಂದು ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಕೆಲವು ಮಕ್ಕಳಲ್ಲಿ ಈ ಏರ್ಪಾಡು ತಡವಾಗಿ ಕೂಡಿಬರುತ್ತದೆ. ಕೆಲವರ ಮೂತ್ರಚೀಲ ಸ್ವಲ್ಪ ತುಂಬಿದರೂ ಹಿಂಡಿಕೊಳ್ಳುತ್ತದೆ. ಇವೆರಡರ ಜೊತೆ, "ತುಂಬಿತು, ಏಳು" ಅನ್ನುವ ಸುದ್ದಿ ನಿದ್ದೆಯಲ್ಲಿರುವ ಮೆದುಳಿಗೆ ಮುಟ್ಟುವುದಿಲ್ಲ. ಎಚ್ಚರವೇ ಇಲ್ಲದ ಮಗುವಿಗೆ ಹೊಡೆದು ಏನು ಕಲಿಸುತ್ತೀರಿ? "ಬರೆ ಹಾಕ್ತೀನಿ" ಅಂತ ಹೆದರಿಸಿದ್ದು ಮಾತ್ರವಲ್ಲ, ನಿಜವಾಗಿಯೂ ಬರೆ ಹಾಕಿಸಿಕೊಂಡ ಮಗುವನ್ನೂ ನಾನು ನೋಡಿದ್ದೇನೆ.

ಐದು ವರ್ಷಕ್ಕೆ ಮುಂಚೆ ನಾವು ಇದನ್ನು ತೊಂದರೆ ಎಂದೇ ಕರೆಯುವುದಿಲ್ಲ. ಏಳನೇ ವಯಸ್ಸಿನಲ್ಲಿ 100 ಮಕ್ಕಳಲ್ಲಿ ಸುಮಾರು 10 ಮಂದಿಗೆ, ಹತ್ತರ ಹೊತ್ತಿಗೆ ಸುಮಾರು 5 ಮಂದಿಗೆ ಇರುತ್ತದೆ. "ನಿನ್ನ ಕ್ಲಾಸಲ್ಲಿ ಎಷ್ಟು ಜನ?" ಅಂತ ಹುಡುಗನನ್ನು ಕೇಳಿದೆ. ನಲವತ್ತೆರಡು ಅಂದ. "ಹಾಗಾದ್ರೆ ನಿನ್ ಥರ ಇನ್ನೊಬ್ಬ ಇರ್ತಾನೆ ಬಿಡು" ಅಂದೆ. ನಂಬಲಿಲ್ಲ.

ಆಮೇಲೆ ಅವನ ಬ್ಯಾಗಿನಿಂದ ನೀರಿನ ಬಾಟಲಿ ತೆಗೆಸಿದೆ. ಸಂಜೆ ಐದೂವರೆ. ಬಾಟಲಿ ಕುತ್ತಿಗೆ ತನಕ ತುಂಬಿತ್ತು. ಯಾಕಪ್ಪ ಅಂದರೆ, "ನೀರು ಕುಡಿದ್ರೆ ಒಂದಕ್ಕೆ ಬರುತ್ತೆ. ಅಲ್ಲಿ ವಾಸನೆ. ಚಿಲಕಾನೂ ಇಲ್ಲ."

ರಾತ್ರಿಯ ತೊಂದರೆಗೆ ಬಂದವರನ್ನು ನಾನು ಹಗಲಿನ ಬಗ್ಗೆ ಕೇಳುವುದು ಇದಕ್ಕೇ. ಬೆಳಗ್ಗೆಯಿಂದ ಒಣಗಿ ಬಂದ ಮಗು ಸಂಜೆ ಮನೆಯಲ್ಲಿ ಗಟಗಟ ಕುಡಿಯುತ್ತದೆ. ಮೇಲೆ ಅರ್ಧ ಲೋಟ ಟೀ, ಮಲಗುವಾಗ ಒಂದು ದೊಡ್ಡ ಲೋಟ ಹಾಲು. ದಿನದ ನೀರೆಲ್ಲ ರಾತ್ರಿಯ ಲೆಕ್ಕಕ್ಕೆ ಬೀಳುತ್ತದೆ. ಶಾಲೆಗಳಲ್ಲಿ ವಾಟರ್ ಬೆಲ್ ಹೊಡೆಯುವ ಪದ್ಧತಿ 2019ರಲ್ಲಿ ಕೇರಳದಲ್ಲಿ ಶುರುವಾಗಿ ನಮ್ಮಲ್ಲಿಗೂ ಬಂತು. ಒಳ್ಳೆಯದೇ. ಆದರೆ ಕುಡಿದ ನೀರು ಹೊರಗೆ ಹೋಗಲು ಬಾಗಿಲಿರುವ ಜಾಗ ಇಲ್ಲದಿದ್ದರೆ ಮಗು ಸುಮ್ನೆ ಕುಡಿದ ಹಾಗೆ ಮಾಡುತ್ತದೆ, ಅಷ್ಟೇ.

ಎರಡನೇ ಪ್ರಶ್ನೆ, "ಎರಡಕ್ಕೆ ಯಾವಾಗ ಹೋದೆ?" ಅಮ್ಮ "ದಿನಾ ಹೋಗ್ತಾನೆ" ಅಂದರು. ಹುಡುಗ ಬೆರಳು ಎಣಿಸಿ "ಭಾನುವಾರ" ಅಂದ. ಅವತ್ತು ಬುಧವಾರ. ಹೊಟ್ಟೆ ಮುಟ್ಟಿದರೆ ಎಡಗಡೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಮೂತ್ರಚೀಲದ ಬೆನ್ನಿಗೇ ದೊಡ್ಡ ಕರುಳಿನ ತುದಿ ಇರುವುದು. ಅದು ಕಲ್ಲಾಗಿ ಕೂತರೆ ಮೂತ್ರಚೀಲಕ್ಕೆ ಹಿಗ್ಗಲು ಜಾಗ ಎಲ್ಲಿ? ಮಲ ಮೆತ್ತಗಾಗುವ ಪುಡಿಯಿಂದಲೇ ಹಾಸಿಗೆ ಒಣಗಿದ ಮಕ್ಕಳು ನನ್ನಲ್ಲಿದ್ದಾರೆ.

ಶನಿವಾರ ಭಾನುವಾರ ಎರಡು ದಿನ ಒಂದು ಹಳೆಯ ಅಳತೆ ಲೋಟದಲ್ಲಿ ಪ್ರತಿ ಸಲದ ಮೂತ್ರ ಅಳೆದು ಬರೆಯಿರಿ ಎಂದೆ. ಅಜ್ಜಿ "ಅಯ್ಯೋ ಶಿವನೇ" ಅಂದರು. ಆದರೆ ಬರೆದು ತಂದಿದ್ದು ಅಜ್ಜಿಯೇ, ಕ್ಯಾಲೆಂಡರಿನ ಹಿಂಬದಿಯಲ್ಲಿ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಚೀಲ ಎಷ್ಟು ಮಿಲಿಲೀಟರ್ ಹಿಡಿಯಬೇಕೆಂಬ ಅಂದಾಜು ಸಿಗುತ್ತದೆ. ಒಂಬತ್ತು ವರ್ಷಕ್ಕೆ 300. ಇವನದು 150 ದಾಟಿರಲಿಲ್ಲ.

ಪುಡಿ ಶುರು ಮಾಡಿದೆವು. ದಿನದ ನೀರಿನಲ್ಲಿ ಹೆಚ್ಚಿನ ಪಾಲು ಮಧ್ಯಾಹ್ನ ಮೂರರೊಳಗೆ, ಸಂಜೆ ಟೀ ಬಂದ್, ಹಾಲು ಬೆಳಗ್ಗೆಗೆ. ಪಾಠದ ಮಧ್ಯೆ ಕೇಳಿದರೂ ಹೊರಗೆ ಬಿಡಿ ಅಂತ ಕ್ಲಾಸ್ ಟೀಚರಿಗೆ ಒಂದು ಚೀಟಿ. ಚಾಪೆ ಮೇಲೆ ರಬ್ಬರ್ ಶೀಟ್, ಬೆಳಗ್ಗೆ ಬೆಡ್‌ಶೀಟ್ ಬದಲಾಯಿಸುವಾಗ ಅವನೂ ಕೈಹಾಕಲಿ, ಶಿಕ್ಷೆಯ ದನಿಯಲ್ಲಿ ಬೇಡ. ರಾತ್ರಿ ಹನ್ನೆರಡಕ್ಕೆ ಎತ್ತಿಕೊಂಡು ಹೋಗಿ ನಿಲ್ಲಿಸುವುದರಿಂದ ಆ ರಾತ್ರಿಯ ಹಾಸಿಗೆ ಉಳಿಯುತ್ತದೆ, ನಿಜ. ಆದರೆ ಮಗು ನಿದ್ದೆಗಣ್ಣಲ್ಲೇ ಹೋಗಿ ಬರುವುದರಿಂದ ಕಲಿಯುವುದು ಏನೂ ಇಲ್ಲ.

ಇಷ್ಟಕ್ಕೆ ಬಗ್ಗದಿದ್ದರೆ ಚಡ್ಡಿಗೆ ಸಿಕ್ಕಿಸುವ ಅಲಾರಂ ಇದೆ. ಮೊದಲ ಹನಿಗೇ ಕೂಗುತ್ತದೆ. ಎರಡು ಮೂರು ತಿಂಗಳು ಬಿಡದೆ ಹಾಕಿದರೆ ಮೂವರಲ್ಲಿ ಇಬ್ಬರಿಗೆ ಗುಣ ಕಾಣುತ್ತದೆ. ಕಷ್ಟ ಏನೆಂದರೆ, ಮೊದಮೊದಲು ಮನೆಯವರೆಲ್ಲ ಏಳುತ್ತಾರೆ, ಮಗು ಒಂದನ್ನು ಬಿಟ್ಟು. ಯಾರಾದರೂ ಎದ್ದು ಅವನನ್ನು ಎಬ್ಬಿಸಲೇಬೇಕು. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಗೆ ನಾನು ಒತ್ತಾಯ ಮಾಡುವುದಿಲ್ಲ.

ಪ್ರವಾಸದಂಥ ದಿನಗಳಿಗೆ ಡೆಸ್ಮೋಪ್ರೆಸಿನ್ ಮಾತ್ರೆ ಇದೆ. ಹಾರ್ಮೋನಿನ ಕೆಲಸವನ್ನು ಒಂದು ರಾತ್ರಿಯ ಮಟ್ಟಿಗೆ ಮಾಡಿಕೊಡುತ್ತದೆ. ನಿಲ್ಲಿಸಿದರೆ ಅನೇಕರಿಗೆ ತೊಂದರೆ ವಾಪಸ್. ಮಾತ್ರೆ ನುಂಗುವ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ಆಗುವ ತನಕ ಹೆಚ್ಚು ನೀರು ಕುಡಿಯಬಾರದು. ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಡುವ ಔಷಧಿ ಇದಲ್ಲ. ಹೊರಡುವ ಕೆಲವು ವಾರ ಮುಂಚೆಯೇ ಮನೆಯಲ್ಲಿ ಹಾಕಿ ನೋಡಬೇಕು.

ಆರು ತಿಂಗಳು ಹಾಸಿಗೆ ಒದ್ದೆ ಮಾಡದಿದ್ದ ಮಗು ಮತ್ತೆ ಶುರು ಮಾಡಿದರೆ ಮಾತ್ರ ಕಾಯಬೇಡಿ. ಜೊತೆಗೆ ಬಾಯಾರಿಕೆ, ತೂಕ ಇಳಿಯುವುದು ಇದ್ದರೆ ಅವತ್ತೇ ಸಕ್ಕರೆ ಪರೀಕ್ಷೆ ಮಾಡಿಸಿ. ಉರಿ, ಹಗಲಲ್ಲೂ ಚಡ್ಡಿ ಒದ್ದೆ, ಮೂತ್ರ ಸಣ್ಣಗೆ ಬರುವುದು, ಜೋರು ಗೊರಕೆ ಇದ್ದರೂ ತೋರಿಸಿ.

ನಮ್ಮ ಹುಡುಗ ಹಂಪಿಗೆ ಹೋದ. ಈಗಲೂ ವಾರಕ್ಕೆ ಒಂದೆರಡು ರಾತ್ರಿ ತಪ್ಪುತ್ತದೆ. ವಾಪಸ್ ಬಂದ ವಾರ ತೋರಿಸಲು ಬಂದಾಗ ಕಲ್ಲಿನ ರಥ ಹೇಗಿತ್ತು ಅಂತ ಕೇಳಿದೆ. ಅವನಿಗೆ ಹೇಳಬೇಕಾಗಿದ್ದು ಬೇರೆ ಇತ್ತು. ಅಮ್ಮ ಬಿಲ್ ಕೊಡಲು ಹೊರಗೆ ಹೋಗುವ ತನಕ ಕಾದು, ಟೇಬಲ್ಲಿನ ಹತ್ತಿರ ಬಂದು, "ಆಂಟಿ, ಇನ್ನೊಬ್ಬನೂ ಕವರಲ್ಲಿ ಎಕ್ಸ್‌ಟ್ರಾ ಚಡ್ಡಿ ತಂದಿದ್ದ" ಅಂದ. ಯಾರು ಅಂತ ಹೇಳಲಿಲ್ಲ.