ನಿಮ್ಮ ಕಲಾಮಂದಿರ ಯಾರಿಗೆ ‘ಇಲ್ಲ’ ಎನ್ನುತ್ತದೆ?

ನಗರಾಡಳಿತದ ರಂಗಮಂದಿರ ಹಳತಾಯಿತೆಂದರೆ ಮೊದಲು ಬರುವ ಬೇಡಿಕೆ ಹೊಸ ಕುರ್ಚಿ, ಹೊಸ ಎಸಿ, ಹೊಸ ಸೌಂಡ್ ಸಿಸ್ಟಂ. ಎರಡು ಮೂರು ಸಭೆಗಳಾದ ಮೇಲೆ ಯಾರಾದರೂ ‘ಅಷ್ಟಕ್ಕೂ ಈ ಕಟ್ಟಡ ಇರುವುದು ಯಾತಕ್ಕೆ?’ ಎಂದು ಕೇಳುತ್ತಾರೆ. ಆಗ ಒಂದು ಉದ್ದೇಶಪತ್ರ ಸಿದ್ಧವಾಗುತ್ತದೆ: ‘ಎಲ್ಲ ಕಲೆಗಳಿಗೂ, ಎಲ್ಲ ನಾಗರಿಕರಿಗೂ ಮುಕ್ತ ವೇದಿಕೆ.’ ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಮಾರನೆಯ ದಿನ ಬುಕಿಂಗ್ ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಅದರಿಂದ ನಯಾಪೈಸೆಯ ಉಪಯೋಗವಿಲ್ಲ. ಒಂದೇ ಶನಿವಾರದ ಸಂಜೆಗೆ ನಾಟಕ ತಂಡ, ಶಾಲೆಯ ವಾರ್ಷಿಕೋತ್ಸವ, ಕಂಪನಿಯ ಸನ್ಮಾನ ಸಮಾರಂಭ ಮೂರೂ ಅರ್ಜಿ ಹಾಕಿದರೆ ಯಾರಿಗೆ ಕೊಡಬೇಕು? ಇದಕ್ಕೆ ಉತ್ತರ ಹೇಳದ ಉದ್ದೇಶಪತ್ರಕ್ಕೆ ಫ್ರೇಮು ಹಾಕಿಸಿ ಲಾಬಿಯಲ್ಲಿ ತೂಗುಹಾಕಬಹುದು, ಅಷ್ಟೆ. ಕಲಾಮಂದಿರದ ನಿಜವಾದ ಉದ್ದೇಶ ಬರೆದಿರುವುದು ಅದರ ಬುಕಿಂಗ್ ಲೆಡ್ಜರಿನಲ್ಲಿ.

ಕೆಲಸ ಶುರುವಾಗಬೇಕಾದ್ದೂ ಅಲ್ಲಿಂದಲೇ. ಕಳೆದ ಮೂರು ವರ್ಷದ ಲೆಡ್ಜರ್ ತೆಗೆದು ಒಂದೊಂದು ಬುಕಿಂಗನ್ನೂ ಒಂದೊಂದು ಸಾಲಾಗಿ ಸ್ಪ್ರೆಡ್‌ಶೀಟಿಗೆ ಇಳಿಸಬೇಕು: ತಾರೀಕು, ಪಾಳಿ (ಬೆಳಿಗ್ಗೆ, ಮಧ್ಯಾಹ್ನ ಅಥವಾ ಸಂಜೆ), ಬಾಡಿಗೆಗೆ ಪಡೆದವರು ಯಾವ ಬಗೆಯವರು, ಕಾರ್ಯಕ್ರಮ ಯಾವ ಬಗೆಯದು, ಬಂದ ಪ್ರೇಕ್ಷಕರೆಷ್ಟು, ಕಟ್ಟಿದ ಬಾಡಿಗೆ, ಮನ್ನಾ ಆದ ಬಾಡಿಗೆ. ಇವುಗಳ ಜೊತೆಗೆ ಸಾಮಾನ್ಯವಾಗಿ ಯಾರೂ ಬರೆಯದ ಎರಡು ಕಾಲಂ ಬೇಕು. ಸಭಾಂಗಣವನ್ನು ಹಿಡಿದಿಟ್ಟ ಗಂಟೆ ಒಂದು, ಪರದೆ ಎದ್ದಿದ್ದ ಗಂಟೆ ಇನ್ನೊಂದು. ಸಂಜೆ ಒಂದೂವರೆ ಗಂಟೆಯ ಸಮಾರಂಭಕ್ಕೆ ಬೆಳಿಗ್ಗೆಯಿಂದ ಹೂವಿನ ಅಲಂಕಾರ, ಎಲ್‌ಇಡಿ ಪರದೆ ಕಟ್ಟುವ ಕೆಲಸ ನಡೆದಿದ್ದರೆ ಲೆಡ್ಜರಿನಲ್ಲಿ ಕಾಣುವುದು ಒಂದೇ ಸಂಜೆ. ನಿಜದಲ್ಲಿ ಹೋದದ್ದು ಮೂರು ಪಾಳಿ.

ಬಳಕೆಯ ಲೆಕ್ಕದಲ್ಲೂ ಎಡವುವುದು ಸುಲಭ. ದಿನಕ್ಕೆ ಮೂರು ಪಾಳಿಯಂತೆ ವರ್ಷಕ್ಕೆ 1,095 ಪಾಳಿ. ವಾರ್ಷಿಕ ದುರಸ್ತಿಗೆ ನಾಲ್ಕು ವಾರ ಮುಚ್ಚಿದರೆ 84 ಕಳೆಯಿತು. ಉಳಿದ 48 ವಾರಗಳಲ್ಲಿ ವಾರಕ್ಕೊಂದು ಬೆಳಗಿನ ಪಾಳಿಯನ್ನು ದೀಪ, ಹಗ್ಗ, ರಾಟೆಗಳ ತಪಾಸಣೆಗೆ ಮೀಸಲಿಟ್ಟರೆ ಇನ್ನೂ 48. ಉಳಿದದ್ದು 963. ವರ್ಷಕ್ಕೆ 300 ಬುಕಿಂಗ್ ಇದ್ದು, ಅದರಲ್ಲಿ 210 ಸಂಜೆಯವು ಎಂದುಕೊಳ್ಳಿ. ದೊರೆಯುವ 337 ಸಂಜೆಗಳ ಲೆಕ್ಕದಲ್ಲಿ ಇದು ಶೇ 62. ಒಟ್ಟು 963 ಪಾಳಿಗಳ ಲೆಕ್ಕದಲ್ಲಿ 300 ಬುಕಿಂಗ್ ಎಂದರೆ ಶೇ 31. ಮೊದಲ ಅಂಕಿ ಹಿಡಿದವರು ‘ಇನ್ನೊಂದು ಸಭಾಂಗಣ ಕಟ್ಟಿ’ ಎನ್ನುತ್ತಾರೆ, ಎರಡನೆಯದು ಹಿಡಿದವರು ‘ಇದನ್ನೇ ಖಾಸಗಿಯವರಿಗೆ ವಹಿಸಿ’ ಎನ್ನುತ್ತಾರೆ. ಇಬ್ಬರ ಕೈಯಲ್ಲಿರುವುದೂ ಒಂದೇ ಲೆಡ್ಜರ್! ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಹಗಲು ಖಾಲಿ ಬಿದ್ದಿರುವ ವೇದಿಕೆಗೆ ತಾಲೀಮಿನ ದರ ಎಂಬುದೊಂದು ಇದೆಯೇ, ಅಥವಾ ತಾಲೀಮಿಗೂ ಪ್ರದರ್ಶನದ ಬಾಡಿಗೆಯನ್ನೇ ಕೇಳುತ್ತಿದ್ದೇವೆಯೇ?

ಇನ್ನೊಂದು ಕೊರತೆಯನ್ನು ಲೆಡ್ಜರ್ ತಾನಾಗಿ ತೋರಿಸುವುದಿಲ್ಲ. ತಾರೀಕು ಸಿಗದೆ ವಾಪಸ್ ಹೋದವರ ಹೆಸರು ಅದರಲ್ಲಿ ಇರುವುದಿಲ್ಲ. ಆರು ತಿಂಗಳಾದರೂ ಒಂದು ‘ಇಲ್ಲ’ ಪುಸ್ತಕ ಇಡಿ. ಯಾರು ಕೇಳಿದರು, ಯಾವ ದಿನ ಕೇಳಿದರು, ಏಕೆ ಆಗಲಿಲ್ಲ: ತಾರೀಕು ಇರಲಿಲ್ಲವೇ, ಬಾಡಿಗೆ ಹೆಚ್ಚಾಯಿತೇ, ವೇದಿಕೆ ಹೊಂದಲಿಲ್ಲವೇ. ಫೋನಿನಲ್ಲಿ ವಿಚಾರಿಸಿ ಸುಮ್ಮನಾದವರನ್ನೂ ಸೇರಿಸಿಯೇ ಬರೆಯಬೇಕು. ಈ ಪುಸ್ತಕವಿಲ್ಲದೆ ಉದ್ದೇಶ ಬದಲಿಸಲು ಹೊರಟರೆ ಈಗಾಗಲೇ ಒಳಗಿರುವವರ ಅಭಿಪ್ರಾಯವೊಂದೇ ಕಿವಿಗೆ ಬೀಳುತ್ತದೆ.

ಆಮೇಲೆ ಕಟ್ಟಡದ ಮಾತು. ಸಮಿತಿಗಳಿಗೆ ಬಲು ಪ್ರಿಯವಾದ ‘ಬಹೂಪಯೋಗಿ’ ಎಂಬ ಪದಕ್ಕೆ ಕಟ್ಟಡ ಒಪ್ಪುತ್ತದೆಯೋ ಇಲ್ಲವೋ ಕಾಗದದ ಮೇಲೆಯೇ ಪರೀಕ್ಷಿಸಬಹುದು. ಮಾತಿನ ನಾಟಕಕ್ಕೆ ಅನುರಣನ, ಅಂದರೆ ಶಬ್ದ ನಿಂತ ಮೇಲೂ ಸಭಾಂಗಣದಲ್ಲಿ ಅದರ ಮೊಳಗು ಉಳಿಯುವ ಹೊತ್ತು, ಸುಮಾರು 1 ಸೆಕೆಂಡ್ ಇದ್ದರೆ ಸಾಕು. ಮೈಕ್ ಇಲ್ಲದ ದೊಡ್ಡ ವಾದ್ಯವೃಂದಕ್ಕೆ 1.8ರಿಂದ 2.2 ಸೆಕೆಂಡ್ ಬೇಕು. ಹಾರ್ವರ್ಡಿನ ಭೌತವಿಜ್ಞಾನಿ ವಾಲೇಸ್ ಸಬೈನ್ ಕೊಟ್ಟ ಸೂತ್ರ ಇಂದಿಗೂ ಮೊದಲ ಅಂದಾಜಿಗೆ ಸಾಕು: ಸಭಾಂಗಣದ ಘನಮೀಟರನ್ನು 0.161ರಿಂದ ಗುಣಿಸಿ, ಬೇಕಾದ ಸೆಕೆಂಡಿನಿಂದ ಭಾಗಿಸಿದರೆ ಎಷ್ಟು ಚದರ ಮೀಟರ್ ಶಬ್ದಹೀರಿಕೆ (ಬಿದ್ದ ಶಬ್ದವನ್ನೆಲ್ಲ ನುಂಗುವ ಮೇಲ್ಮೈಗೆ ಸಮ) ಇರಬೇಕೆಂದು ಸಿಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. 600 ಆಸನ, ತಲೆಗೆ 6 ಘನಮೀಟರ್, ಒಟ್ಟು 3,600 ಘನಮೀಟರಿನ ನಾಟಕಮಂದಿರ. 1 ಸೆಕೆಂಡಿಗೆ ಬೇಕಾದ ಹೀರಿಕೆ ಸುಮಾರು 580. ಮೆತ್ತನೆಯ ಕುರ್ಚಿಯಲ್ಲಿ ಕೂತ ಒಬ್ಬ ಪ್ರೇಕ್ಷಕ ಹೆಚ್ಚುಕಡಿಮೆ ಅರ್ಧ ಚದರ ಮೀಟರಿನಷ್ಟು ಶಬ್ದ ಹೀರುತ್ತಾನೆ. ಮನೆ ತುಂಬಿದರೆ ಅದೇ 300 ಆಯಿತು. ಉಳಿದ 280ನ್ನು ಗೋಡೆ, ಚಾವಣಿ, ಪರದೆಗಳಿಂದ ಹೊಂದಿಸಬಹುದು. ಅದೇ ಸಭಾಂಗಣದಲ್ಲಿ 1.8 ಸೆಕೆಂಡ್ ಬೇಕೆಂದರೆ ಒಟ್ಟು ಹೀರಿಕೆ 322ನ್ನು ದಾಟುವಂತಿಲ್ಲ. ಪ್ರೇಕ್ಷಕರೇ 300 ತಿಂದ ಮೇಲೆ ಗೋಡೆ, ಚಾವಣಿ, ನೆಲ, ಗಾಳಿ ಎಲ್ಲಕ್ಕೂ ಸೇರಿ ಉಳಿದದ್ದು 22! ಇದು ಆಗದ ಮಾತು. ಮರದ ಹಲಗೆ ಹೊದಿಸಿದರೂ ಅಷ್ಟೇ, ಎಷ್ಟು ಖರ್ಚು ಮಾಡಿದರೂ ಅಷ್ಟೇ. ಕೊರತೆ ಇರುವುದು ಗಾತ್ರದಲ್ಲಿ.

ತಲೆಗೆ 10 ಘನಮೀಟರಿನಂತೆ 6,000 ಘನಮೀಟರ್ ಇದ್ದಿದ್ದರೆ ಕಥೆ ಬೇರೆ. ಬೇಕಾದ ಹೀರಿಕೆ ಸಂಗೀತಕ್ಕೆ 537, ನಾಟಕಕ್ಕೆ 966. ನಡುವಿನ 430 ಚದರ ಮೀಟರನ್ನು ಎಳೆದು ಬಿಡುವ ದಪ್ಪ ಪರದೆಗಳಿಂದ ತುಂಬಬಹುದು. ಆದರೆ ಪರದೆ ಹೀರುವುದು ಹೆಚ್ಚಾಗಿ ಮಧ್ಯ ಮತ್ತು ಮೇಲಿನ ಸ್ವರಗಳನ್ನು. ತಗ್ಗಿನ ಗುಡುಗು ಹಾಗೆಯೇ ಉಳಿಯುತ್ತದೆ. ಡ್ರಮ್ಸ್ ಇರುವ ಬ್ಯಾಂಡುಗಳು ‘ಸೌಂಡ್ ಸರಿಯಿಲ್ಲ’ ಎಂದು ದೂರುವ ಸಭಾಂಗಣಗಳಲ್ಲಿ ಬಹುಪಾಲು ಇದೇ ಕಾರಣ. ಹೊಸ ಸ್ಪೀಕರ್ ತಂದರೆ ದೂರು ಇನ್ನಷ್ಟು ಜೋರಾಗಿ ಕೇಳುತ್ತದೆ, ಅಷ್ಟೆ. ಗೋಡೆ ಸರಿಸದೆ ತಲೆಗೆ ಸಿಗುವ ಘನಮೀಟರ್ ಹೆಚ್ಚಿಸಬೇಕೆಂದರೆ ಆಸನ ಕಡಿಮೆ ಮಾಡಬೇಕು, ಅದನ್ನು ಸಮಿತಿಗಳು ಸೋಲೆಂದು ತಿಳಿಯುತ್ತವೆ. ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ 1962ರಲ್ಲಿ ತೆರೆದ ಫಿಲ್‌ಹಾರ್ಮೋನಿಕ್ ಸಭಾಂಗಣದ ಧ್ವನಿಯ ದೂರು ದಶಕಗಳ ಕಾಲ ತೀರಲಿಲ್ಲ. 2022ರ ನವೀಕರಣದಲ್ಲಿ ವೇದಿಕೆಯನ್ನು ಮುಂದಕ್ಕೆ ತಂದು ಆಸನಗಳನ್ನು 2,738ರಿಂದ 2,200ಕ್ಕೆ ಇಳಿಸಿದರು.

ಉದ್ದೇಶ ತೀರ್ಮಾನವಾಗುವ ಮುನ್ನ ಯಂತ್ರ ಖರೀದಿಸಬಾರದು ಎನ್ನುವುದಕ್ಕೆ ಸಿಡ್ನಿಯ ಆಪೆರಾ ಹೌಸ್ ಸಾಕ್ಷಿ. ದೊಡ್ಡ ಸಭಾಂಗಣದಲ್ಲಿ ಆಪೆರಾ ಮತ್ತು ವಾದ್ಯವೃಂದ ಎರಡೂ ನಡೆಯಬೇಕೆಂದು ಮೂಲ ಯೋಜನೆ. 1966ರಲ್ಲಿ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಹೊರನಡೆದ ಮೇಲೆ ಅದನ್ನು ಸಂಗೀತ ಕಛೇರಿಗೆ ಮೀಸಲಿಟ್ಟರು. ಆಗಲೇ ಕೂರಿಸಿದ್ದ ವೇದಿಕೆಯ ಯಂತ್ರಗಳನ್ನು ಕಿತ್ತು ಹಾಕಬೇಕಾಯಿತು. ಆಪೆರಾ ಚಿಕ್ಕ ಸಭಾಂಗಣಕ್ಕೆ ಹೋಯಿತು. ಅಲ್ಲಿ ವಾದ್ಯಗಾರರು ಕೂರುವ ಗುಂಡಿಯ ಇಕ್ಕಟ್ಟು 1973ರಲ್ಲಿ ಕಟ್ಟಡ ತೆರೆದಾಗಿನಿಂದ ಇರುವ ತಲೆನೋವು.

ನೆಲವನ್ನೂ ನೋಡಿ. ನೃತ್ಯವನ್ನು ಉದ್ದೇಶದಲ್ಲಿ ಬರೆದರೆ ಕಾಂಕ್ರೀಟಿನ ಮೇಲೆ ನೇರವಾಗಿ ಅಂಟಿಸಿದ ಮರ ಸಾಲದು. ರಬ್ಬರ್ ಪ್ಯಾಡ್, ಅದರ ಮೇಲೆ ಅಡ್ಡಪಟ್ಟಿ, ಎರಡು ಪದರ ಪ್ಲೈವುಡ್, ಮೇಲೆ ವಿನೈಲ್ ಹಾಸು ಬೇಕು. ಇಂಥ ನೆಲ ಹರಡಿಕೊಂಡ ಭಾರವನ್ನು ತಾಳುವಷ್ಟು ಒಂದೇ ಬಿಂದುವಿನ ಭಾರವನ್ನು ತಾಳುವುದಿಲ್ಲ. ದೀಪ ಕಟ್ಟುವವರನ್ನು ಮೇಲೆತ್ತಲು ತರುವ ಕತ್ತರಿ ಲಿಫ್ಟಿನ (ಸಿಸರ್ ಲಿಫ್ಟ್) ಚಿಕ್ಕ ಚಕ್ರ ಪ್ಲೈವುಡ್ಡನ್ನು ಕುಸಿಸುತ್ತದೆ, ಅಲಂಕಾರದವರು ಹೊಡೆದ ಮೊಳೆಯ ತುದಿ ಮುರಿದು ಒಳಗೇ ಉಳಿಯುತ್ತದೆ. ಮಾರನೆಯ ದಿನ ಆ ಜಾಗದಲ್ಲಿ ಬರಿಗಾಲು ಬೀಳುತ್ತದೆ. ಆದ್ದರಿಂದ ‘ನೃತ್ಯವೂ, ಸಮಾರಂಭವೂ’ ಎಂದು ಬರೆಯುವವರು ಲಿಫ್ಟಿನ ಚಕ್ರದಡಿ ಹಾಸುವ ಹಲಗೆಗಳ ಖರ್ಚನ್ನೂ, ಮೊಳೆ ನಿಷೇಧವನ್ನೂ, ಪ್ರತಿ ಸಮಾರಂಭದ ಬಳಿಕ ಆಯಸ್ಕಾಂತ ಎಳೆದು ನೆಲ ಪರೀಕ್ಷಿಸುವ ಅರ್ಧ ಗಂಟೆಯನ್ನೂ ಬರೆಯಬೇಕು.

ಪ್ರದರ್ಶನವಿಲ್ಲದ ಹಗಲಿನಲ್ಲೂ ಜನ ಬರಲಿ ಎನ್ನುವುದು ಈಚಿನ ಆಶಯ, ಒಳ್ಳೆಯ ಆಶಯ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ 1951ರದು. 1983ರಲ್ಲಿ ಅದರ ಮೊಗಸಾಲೆಗಳನ್ನು ಟಿಕೆಟ್ ಇಲ್ಲದವರಿಗೂ ದಿನವಿಡೀ ತೆರೆದರು. ಪ್ಯಾರಿಸ್ ನಗರಾಡಳಿತ ತನ್ನ ಹಳೆಯ ಶವಸಂಸ್ಕಾರ ಇಲಾಖೆಯ ಕಟ್ಟಡವನ್ನು 2008ರಲ್ಲಿ ‘ಸಾಂಕಾತ್ರ್’, ಅಂದರೆ ‘104’, ಎಂಬ ಕಲಾಕೇಂದ್ರವಾಗಿ ತೆರೆಯಿತು. ಮೊದಲ ವರ್ಷಗಳು ಕಷ್ಟದವು. 2010ರಲ್ಲಿ ನಿರ್ದೇಶಕರು ಬದಲಾದ ಮೇಲೆ ನಡುವಿನ ವಿಶಾಲ ಹಜಾರ ಬೀದಿ ನೃತ್ಯ, ಸರ್ಕಸ್ ಅಭ್ಯಾಸಗಳಿಗೆ ತೆರೆದುಕೊಂಡಿತು. ಇವತ್ತು ಅದರ ಗುರುತೇ ಆ ಅಭ್ಯಾಸ. ಅಲ್ಲಿಗೆ ಬಂದ ಹುಡುಗರು ಉದ್ದೇಶಪತ್ರ ಓದಿ ಬಂದವರಲ್ಲ. ಬಾಗಿಲು ತೆರೆದಿತ್ತು, ಜಾಗವಿತ್ತು, ಯಾರೂ ಎಬ್ಬಿಸಲಿಲ್ಲ.

ಇದನ್ನು ಅನುಕರಿಸುವಾಗ ಮೊದಲು ಕೇಳಬೇಕಾದ್ದು ಎಸಿ ಎಂಜಿನಿಯರನ್ನು. ಲಾಬಿಗೂ ಸಭಾಂಗಣಕ್ಕೂ ಒಂದೇ ಹವಾ ಯಂತ್ರ ಇದ್ದರೆ ಲಾಬಿಯ ಹತ್ತು ಜನರಿಗಾಗಿ 600 ಖಾಲಿ ಕುರ್ಚಿಗಳನ್ನೂ ತಂಪಾಗಿಸಬೇಕಾಗುತ್ತದೆ. ಎರಡನ್ನೂ ಬೇರ್ಪಡಿಸುವ ಖರ್ಚನ್ನು ಮೊದಲ ಅಂದಾಜಿನಲ್ಲೇ ಸೇರಿಸಿ. ಎರಡನೆಯದು ಸಾಮಾನಿನ ದಾರಿ. ರಂಗಸಜ್ಜಿಕೆ ಹೊತ್ತ ಲಾರಿ ನಿಲ್ಲಲು ಹಿಂಬಾಗಿಲಿಲ್ಲದೆ ಎಲ್ಲವೂ ಲಾಬಿಯ ಮೂಲಕವೇ ಒಳಗೆ ಹೋಗುವ ಕಟ್ಟಡಗಳು ಕಡಿಮೆಯೇನಿಲ್ಲ. ಅಲ್ಲಿ ಕಾಫಿ ಕುಡಿಯುವವರ ನಡುವೆ ದೀಪ ತೂಗುಹಾಕುವ ಕಬ್ಬಿಣದ ಚೌಕಟ್ಟು (ಟ್ರಸ್) ಹೊತ್ತು ನಡೆಯಬೇಕಾಗುತ್ತದೆ. ಎರಡು ತಿಂಗಳಲ್ಲಿ ಲಾಬಿಗೆ ಮತ್ತೆ ಬೀಗ.

ಇಷ್ಟಾದ ಮೇಲೆ ಉದ್ದೇಶ ಬರೆಯಿರಿ, ಅದೂ ಆದ್ಯತೆಯ ಸಾಲಿನ ರೂಪದಲ್ಲಿ. ‘ಮೊದಲು ನಗರದ ನಾಟಕ, ಸಂಗೀತ, ನೃತ್ಯ ತಂಡಗಳು, ಆಮೇಲೆ ಹೊರಗಿನ ತಂಡಗಳು, ಆಮೇಲೆ ಶಾಲೆಗಳು, ಉಳಿದದ್ದು ಸಮಾರಂಭಗಳಿಗೆ.’ ನಿಮ್ಮ ಸಾಲು ಬೇರೆಯಿರಬಹುದು. ಶಾಲೆಗಳನ್ನು ಮೊದಲಿಟ್ಟರೂ ತಪ್ಪಿಲ್ಲ, ಆದರೆ ಸಾಲು ಇರಲೇಬೇಕು. ಕೊನೆಯಲ್ಲಿ ನಿಂತವರಿಗೆ ಸಿಟ್ಟು ಬರದಿದ್ದರೆ ಸಾಲು ಇನ್ನೂ ಮಸುಕಾಗಿದೆ ಎಂದೇ ಅರ್ಥ.

ಸಾಲನ್ನು ಕ್ಯಾಲೆಂಡರಿಗೆ ಇಳಿಸುವ ವಿಧಾನ ಹೀಗೆ. ಶುಕ್ರವಾರ ಮತ್ತು ವಾರಾಂತ್ಯದ ಸಂಜೆಗಳಲ್ಲಿ ಅರ್ಧದಷ್ಟನ್ನು ಮೊದಲ ವರ್ಗಕ್ಕೆ ಕಟ್ಟಿಡಿ. 120 ದಿನ ಮೊದಲು ಯಾರೂ ಕೇಳದಿದ್ದರೆ ಆ ತಾರೀಕನ್ನು ಎಲ್ಲರಿಗೂ ಬಿಡಿ. ಕಟ್ಟಿಟ್ಟ ತಾರೀಕು ಖಾಲಿ ಹೋದರೆ ಟೀಕಿಸುವವರಿಗೆ ಮೊದಲ ಅಸ್ತ್ರ ಸಿಕ್ಕಂತೆ. ಪೆನ್ಸಿಲ್ ಬುಕಿಂಗಿಗೆ, ಅಂದರೆ ಹಣ ಕಟ್ಟದೆ ತಾತ್ಕಾಲಿಕವಾಗಿ ಹಿಡಿದಿಟ್ಟ ತಾರೀಕಿಗೆ, 14 ದಿನದ ಗಡುವು. ಅದರೊಳಗೆ ಎರಡನೆಯವರು ಹಣ ಹಿಡಿದು ಬಂದರೆ ಮೊದಲಿನವರಿಗೆ 48 ಗಂಟೆ: ಖಚಿತಪಡಿಸಬೇಕು, ಇಲ್ಲವೇ ಬಿಡಬೇಕು. ಈ ನಿಯಮ ನಗರಾಡಳಿತದ ಸ್ವಂತ ಇಲಾಖೆಗಳಿಗೂ ಅನ್ವಯಿಸಬೇಕು, ಏಕೆಂದರೆ ತಾರೀಕು ಹಿಡಿದು ಕೊನೆ ವಾರದಲ್ಲಿ ರದ್ದು ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಒಬ್ಬ ಅರ್ಜಿದಾರರಿಗೆ ಒಂದು ಸುತ್ತಿನಲ್ಲಿ ಇಂತಿಷ್ಟೇ ವಾರಾಂತ್ಯ ಎಂಬ ಮಿತಿ ಇಲ್ಲದಿದ್ದರೆ ಬುಕಿಂಗ್ ತೆರೆದ ಬೆಳಿಗ್ಗೆಯೇ ಮಧ್ಯವರ್ತಿಗಳು ಒಳ್ಳೆಯ ಶನಿವಾರಗಳನ್ನೆಲ್ಲ ಬಾಚಿಕೊಂಡು ಹೋಗಿರುತ್ತಾರೆ.

ಹಣದ ವಿಷಯದಲ್ಲಿ ಒಂದೇ ಮಾತು: ಮನ್ನಾ ಎಂಬುದು ಕಾಣದ ಖರ್ಚಾಗಬಾರದು. ರಿಯಾಯಿತಿ ಯಾರೇ ಕೊಡಿಸಲಿ, ಪೂರ್ಣ ಬಾಡಿಗೆಯ ಬಿಲ್ ಹಾಕಿ, ಕಡಿತವನ್ನು ಕೊಡಿಸಿದ ಇಲಾಖೆಯ ಲೆಕ್ಕಕ್ಕೆ ಬರೆಯಿರಿ. ಹಾಗೆ ಮಾಡಿದರೆ ಮನ್ನಾ ಕೋರುವ ಶಿಫಾರಸು ಪತ್ರಗಳು ತಾವಾಗಿಯೇ ಕಡಿಮೆಯಾಗುತ್ತವೆ.

ನಿರ್ವಹಣೆಯನ್ನು ಟ್ರಸ್ಟಿಗೋ ಸಂಸ್ಥೆಗೋ ಒಪ್ಪಿಸುವುದಾದರೆ ಒಪ್ಪಂದದಲ್ಲಿ ಚಾವಣಿ, ಲಿಫ್ಟ್, ಅಗ್ನಿಶಾಮಕ ಪಂಪು, ಹವಾ ಯಂತ್ರ, ವೇದಿಕೆಯ ಮೇಲಿನ ರಾಟೆ ವ್ಯವಸ್ಥೆ ಒಂದೊಂದರ ದುರಸ್ತಿ ಯಾರ ಪಾಲಿನದೆಂದು ಹೆಸರು ಹಿಡಿದು ಬರೆಯಿರಿ. ‘ದೊಡ್ಡ ದುರಸ್ತಿ ಮಾಲೀಕರದು, ಸಣ್ಣದು ನಿರ್ವಾಹಕರದು’ ಎಂದು ಬಿಟ್ಟರೆ ಮೊದಲ ಮಳೆಗೆ ಸೋರಿದ ನೀರು ‘ದೊಡ್ಡದೋ ಸಣ್ಣದೋ’ ತೀರ್ಮಾನವಾಗುವ ಹೊತ್ತಿಗೆ ವೇದಿಕೆಯ ಪ್ಲೈವುಡ್ ಉಬ್ಬಿರುತ್ತದೆ. ಅವಧಿ ಐದು ವರ್ಷಕ್ಕಿಂತ ಕಡಿಮೆ ಬೇಡ. ಒಂದೂವರೆ ವರ್ಷ ಮುಂಚೆ ತಾರೀಕು ಕೇಳುವ ತಂಡಕ್ಕೆ ಎರಡು ವರ್ಷದ ನಿರ್ವಾಹಕರು ಮಾತು ಕೊಡಲಾರರು.

ಹಳೆಯ ನಿಯಮದಡಿ ಕೊಟ್ಟ ತಾರೀಕುಗಳನ್ನು ಮುಟ್ಟಬೇಡಿ. ಹೊಸ ಸಾಲು ಪೂರ್ತಿ ಜಾರಿಗೆ ಬರಲು ಹೇಗೂ ಒಂದೂವರೆ ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ತಾರೀಕು ಕಳೆದುಕೊಳ್ಳಲಿರುವ ಶಾಲೆಗಳಿಗೆ, ಸಂಘಗಳಿಗೆ ಪತ್ರ ಬರೆದು ವಾರದ ನಡುವಿನ ಸಂಜೆಯನ್ನೋ ಹಗಲಿನ ಪಾಳಿಯನ್ನೋ ಕಡಿಮೆ ದರಕ್ಕೆ ಮುಂದಿಡಿ. ಅವರ ಉತ್ತರಗಳನ್ನು, ಬೈಗುಳವನ್ನೂ ಸೇರಿಸಿ, ಅದೇ ‘ಇಲ್ಲ’ ಪುಸ್ತಕದಲ್ಲಿ ಬರೆದಿಡಿ. ಒಂದು ವರ್ಷದ ಪರಿಶೀಲನಾ ಸಭೆಗೆ ಲೆಡ್ಜರಿನ ಜೊತೆ ಆ ಪುಸ್ತಕವೂ ಮೇಜಿನ ಮೇಲೆ ಇರಬೇಕು.